ಬಗನಿ ಮರದ ಕೊನೆಯ ಗೊನೆ

ಹೋದ ತಿಂಗಳು ಸಕಲೇಶಪುರದ ಹೊಸ ರೆಸಾರ್ಟೊಂದರ ಮ್ಯಾನೇಜರ್ ನನ್ನ ಮುಂದೆ ಉದ್ದನೆಯ ಗಾಜಿನ ಲೋಟ ಇಟ್ಟು, "ಲೋಕಲ್ ಬಿಯರ್ ಸಾರ್, ನಿಮ್ಮ ಕಾಡಿನದೇ ರುಚಿ" ಅಂದ. ಮೂಗಿನ ಹತ್ತಿರ ತಂದೆ. ಹೊತ್ತೇರಿದ ಮೇಲೆ ಬಗನಿ ಕಳ್ಳಿಗೆ ಒಂದು ಹುಳಿ ವಾಸನೆ ಬರುತ್ತದಲ್ಲ, ನೊರೆಯ ಅಡಿಯಿಂದ ಅದೇ ವಾಸನೆ. ಕುಡಿಯಲಿಲ್ಲ. ಹೆಗ್ಗದ್ದೆಯ ನಮ್ಮ ಪಕ್ಕದ ತೋಟದ ಮಾವ ನೆನಪಾಗಿಬಿಟ್ಟರು...

ಮಾವ ಅಂದರೆ ನೆಂಟರೇನಲ್ಲ. ಬೇಲಿಯಾಚೆ ಒಂದೂವರೆ ಎಕರೆ ಕಾಫಿ ಮಾಡಿಕೊಂಡಿದ್ದವರು. ಊರಿಗೆಲ್ಲ ಮಾವ, ನನಗೂ ಮಾವ. ಬಗನಿ ಹತ್ತಿ ಕಳ್ಳು ಇಳಿಸುವುದರಲ್ಲಿ ಸುತ್ತಮುತ್ತ ಅವರಿಗೆ ಅವರೇ ಸಾಟಿ. ಮಾರುತ್ತಿರಲಿಲ್ಲ. ಬೆಳಿಗ್ಗೆ ಮರದ ಬುಡಕ್ಕೆ ಹೋದವರಿಗೆ ಒಂದೊಂದು ತೆಂಗಿನ ಚಿಪ್ಪು ಕಳ್ಳು ಕೊಡುತ್ತಿದ್ದರು. ನಿಂತು ಕುಡಿದರೆ ಬೈಗುಳ, ಮನೆಗೆ ಬೇಕು ಅಂದರೆ ಇನ್ನೂ ದೊಡ್ಡ ಬೈಗುಳ. ಆ ಬೈಗುಳ ಕೇಳಲಿಕ್ಕೆಂದೇ ಕೆಲವರು ಹೋಗುತ್ತಿದ್ದರು ಅಂತ ನನ್ನ ಗುಮಾನಿ.

ಬಗನಿ, ಅಂದರೆ ಬೈನೆ ಮರ, ಗೊನೆ ಬಿಡುವುದು ಮೇಲಿನಿಂದ ಕೆಳಕ್ಕೆ. ಮೊದಲನೆಯದು ತುದಿಯಲ್ಲಿ, ಆಮೇಲೆ ಒಂದೊಂದೇ ಗೆಣ್ಣು ಇಳಿಯುತ್ತ ಬಂದು, ಕೊನೆಯದು ಹಣ್ಣಾದ ಮೇಲೆ ಮರವೇ ಸಾಯುತ್ತದೆ. ಮೇಲಿನ ಗೊನೆಗಳನ್ನೆಲ್ಲ ಕೊಯ್ದು ಕಳ್ಳು ಇಳಿಸಬಹುದು. ಕೊನೆಯದಕ್ಕೆ ಮಾತ್ರ ಕತ್ತಿ ಮುಟ್ಟಿಸುವಂತಿಲ್ಲ. ಅದು ಮಂಗಟ್ಟೆ ಹಕ್ಕಿಗೆ, ರಾತ್ರಿ ಹಣ್ಣು ಹುಡುಕಿ ಬರುವ ಕಬ್ಬೆಕ್ಕಿಗೆ. ಅವು ಹಣ್ಣು ತಿಂದು ಬೀಜ ಚೆಲ್ಲಿದರೇನೇ ಇನ್ನೊಂದು ಮರ. ಬಗನಿಯನ್ನು ನಮ್ಮಲ್ಲಿ ಯಾರೂ ನೆಡುವುದಿಲ್ಲ.

ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಕೊನೆಯ ಗೊನೆಗೆ ಕೈ ಹಾಕಲು ಹೋದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಆಗಷ್ಟೇ ಮನೆಯ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೆ. ಬೆಂಗಳೂರಿನಿಂದ ಪ್ರವಾಸಿಗರನ್ನು ಕರೆತರುವವನೊಬ್ಬ ಬಂದು ಎಲ್ಲ ನೋಡಿ ಹೋಗಿದ್ದ. ಬೆಳಿಗ್ಗೆ ಮಂಜರಾಬಾದ್ ಕೋಟೆ, ಮಧ್ಯಾಹ್ನ ಬಿಸಿಲೆ ಕಾಡು, ಸಂಜೆಗೆ ಬೇರೆಲ್ಲೂ ಸಿಗದ ನಮ್ಮ ಕಳ್ಳು. ಅದೊಂದಿದ್ದರೆ ವಾರವಾರವೂ ಜನ ಕಳಿಸುತ್ತೇನೆ ಅಂದ. ಹೂಂ ಅಂದುಬಿಟ್ಟೆ. ಆ ವರ್ಷ ಹತ್ತಿರದಲ್ಲೆಲ್ಲ ಹಸಿ ಗೊನೆ ಇದ್ದದ್ದು ಒಂದೇ ಮರದಲ್ಲಿ. ಮರ ನನ್ನ ಬೇಲಿಯೊಳಗಿತ್ತು. ಗೊನೆ ಅದರ ಕೊನೆಯದಾಗಿತ್ತು.

ಮಾವನನ್ನು ಕೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಆಗಾಕಿಲ್ಲ ಕಣೋ."

"ಮರ ನನ್ನದು ಮಾವ."

"ಯಾರು ಇಲ್ಲ ಅಂದೋರು? ಮರ ನಿಂದೇ. ಆ ಗೊನೆ ನಿಂದೂ ಅಲ್ಲ, ನಂದೂ ಅಲ್ಲ. ಹೋಗ್ ಮಾರಾಯ, ನೆಂಟರಿಗೆ ಕಾಫಿ ಕಾಸ್ಕೊಡು."

ನನಗೆ ಉರಿದುಹೋಯಿತು. ಬೆಳಗೋಡು ಕಡೆಯಿಂದ ಕಳ್ಳು ಇಳಿಸುವ ಇನ್ನೊಬ್ಬನನ್ನು ಕರೆಸಿದೆ. ಗೊನೆ ಬಡಿದು, ದಿನಾ ತುಸುತುಸು ಕೊಯ್ದು ಹದ ಮಾಡಲು ವಾರವಾದರೂ ಬೇಕಲ್ಲ, ಹಾಗಾಗಿ ಪ್ರವಾಸಿಗರು ಬರುವುದಕ್ಕೆ ಹತ್ತು ದಿನ ಮೊದಲೇ ಕರೆಸಿದ್ದೆ. ನಾವಿಬ್ಬರೂ ಹೋಗಿ ನೋಡಿದರೆ ಮಾವ ಮರದಲ್ಲಿದ್ದಾರೆ! ಹಿಂದಿನ ಗೊನೆಗೆಂದು ತಾವೇ ಕಟ್ಟಿದ್ದ ಬಿದಿರಿನ ಏಣಿಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಇಳಿಯುತ್ತಿದ್ದರು. ನೆಲಕ್ಕೆ ಬಂದು, ಬಿದಿರನ್ನು ಹೆಗಲಿಗೇರಿಸಿ, ನನ್ನ ಮುಖ ನೋಡಿ ಹೇಳಿದರು.

"ಮರ ನಿಂದು, ಏಣಿ ನಂದು."

ಬೆಳಗೋಡಿನವನು ಆಗಲೇ ತಲೆ ಎತ್ತಿ ಗೊನೆ ನೋಡಿದ್ದು. ಅವನ ಮುಖ ಇಷ್ಟು ಚಿಕ್ಕದಾಯಿತು. "ಕೊನೇದು ಅಂತ ಒಂದ್ಮಾತು ಹೇಳ್ಬಾರ್ದಾ ಸ್ವಾಮಿ? ಇದಕ್ಕೆ ಕತ್ತಿ ಇಟ್ಟೆ ಅಂತ ಗೊತ್ತಾದ್ರೆ ನಾಳೆ ಯಾರು ನನ್ನನ್ನ ಮರ ಹತ್ಸ್ತಾರೆ?" ಅಂದವನೇ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ನಡೆದ.

ಪ್ರವಾಸಿಗರು ಬಂದರು. ಸಕಲೇಶಪುರದಿಂದ ಬಾಟಲಿ ಬಿಯರ್ ತರಿಸಿ ಕೊಟ್ಟೆ. "ಇದು ನಮ್ಮ ಬೀದಿಯಲ್ಲೇ ಸಿಗುತ್ತಲ್ಲ ಸಾರ್" ಅಂದ ಅವರನ್ನು ಕರೆತಂದವನು. ಆಮೇಲೆ ಅವನ ಬಸ್ಸು ನಮ್ಮ ಕಡೆ ತಿರುಗಲಿಲ್ಲ.

ನಾನು ಮಾವನ ಜೊತೆ ಮಾತು ಬಿಟ್ಟೆ. ಗೊನೆ ಹಣ್ಣಾಯಿತು. ಮಂಗಟ್ಟೆಗಳು ಬಂದು ರೆಕ್ಕೆ ಬಡಿಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಮಾವ ಬೇಲಿಯಾಚೆ ನಿಂತು ನೋಡುತ್ತಿದ್ದರು, ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಗೆದ್ದರು ಅನ್ನುವ ಹೊಟ್ಟೆಕಿಚ್ಚು ನನಗೆ. ಮರ ಒಣಗಿ ಬಿತ್ತು. ಮೂರು ವರ್ಷ ಹೀಗೇ ಕಳೆದು, ಒಂದು ಮಳೆಗಾಲದಲ್ಲಿ ಮಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ಸಾವಿನ ಮನೆಯಲ್ಲಿ ಅತ್ತೆ ನನ್ನನ್ನು ನೋಡಿ, "ಒಂದ್ಸಲ ಬಂದಿದ್ರೆ ಚೆನ್ನಾಗಿ ಬೈದು ಒಳಕ್ಕೆ ಕರ್ಕೊಳ್ಳೋರು ಕಣಪ್ಪ" ಅಂದರು. ನನಗೆ ಕೂರಲಾಗಲಿಲ್ಲ...

ರೆಸಾರ್ಟಿನವನು ಲೋಟದ ಆಚೆಯಿಂದ ವಿಷಯಕ್ಕೆ ಬಂದ. ಈಗ ನನ್ನ ತೋಟದಲ್ಲಿ ತಾವಾಗಿಯೇ ಹುಟ್ಟಿದ ಏಳು ಬಗನಿಗಳಿವೆ, ಎರಡು ಆಗಲೇ ಗೊನೆಗೆ ಬಂದಿವೆ. ಅವನ್ನು ಅವನ ಹೊಸ ಪಾನೀಯಕ್ಕೆ ಗುತ್ತಿಗೆಗೆ ಕೊಡಬೇಕಂತೆ.

"ಕೊನೆಯ ಗೊನೆ ಬಿಡ್ತೀರಾ?" ಅಂದೆ.

"ಯಾಕೆ ಬಿಡೋದು ಸಾರ್? ಎಲ್ಲಾ ಗೊನೆ ಬೇಕು."

"ಹಾಗಾದರೆ ಒಂದೂ ಇಲ್ಲ."

ಅವನು ನಕ್ಕ, "ಇನ್ನೊಂದು ಸಲ ಯೋಚಿಸಿ" ಅಂದ. ಯೋಚಿಸುವುದೇನೂ ಇಲ್ಲ, ನಾನು ಬದುಕಿರುವವರೆಗೆ ಆಗದು, ಬೇರೆ ಕಾಡು ನೋಡಿಕೊಳ್ಳಿ ಎಂದು ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುವ ಹಾಗೆ ಹೇಳಿ ಎದ್ದುಬಂದೆ. ದಡ್ಡ ಅನ್ನುವವರು ಅನ್ನಲಿ. ಈ ಮಾತು ಸರಿಯಾಗಿಯೇ ಇತ್ತು. ಆದರೆ ಇದನ್ನು ಕೇಳಬೇಕಾಗಿದ್ದವರು ಮೂರು ವರ್ಷ ಬೇಲಿಯಾಚೆಯೇ ಇದ್ದರು, ಆಗ ನಾನು ಬಾಯಿ ಬಿಡಲಿಲ್ಲ.