ಮಾವ ಮುಟ್ಟದ ರಾಣಿ

ಚನ್ನರಾಯಪಟ್ಟಣ ಸೀಮೆಯ ಅರವತ್ನಾಲ್ಕು ಮನೆಗಳ ಒಡೆಯರೇ, ಫೇಸ್‌ಬುಕ್ಕಿನ ಸಮಸ್ತ ಸಾಮಂತರೇ, ಲಾಲಿಸಬೇಕು!

ಇಂದು ಮಧ್ಯಾಹ್ನ ಪುಟ್ಟಣ್ಣ ಮಾವನ ಕೊಬ್ಬರಿ ಮಂಡಿಯಲ್ಲಿ ನಮ್ಮಿಬ್ಬರ ಚೆಸ್. ಸೋತರೆ ನನ್ನ ಮೀಸೆ ಬೋಳಿಸಬೇಕು. ನಾಡಿದ್ದೇ ಅಕ್ಕನ ಮದುವೆ. ಇಂಥ ಹೊತ್ತಲ್ಲಿ ನನ್ನ ರಾಣಿಯನ್ನು ಒಯ್ದು ಮಾವನ ಕುದುರೆಯ ಬಾಯಿಗೇ ಇಟ್ಟೆ.

“ಏನ್ಲಾ, ರಾಣೀನೇ ಕೊಡ್ತಿದ್ದೀಯಾ?”

“ತಗಳಿ ಮಾವ, ಬಲಿದಾನ,” ಎಂದು ಕಣ್ಣು ಮುಚ್ಚಿದೆ.

ಹೋದ ವಾರ ಉಪ್ಪು ಬೆರೆಸಿದ ಕಾಫಿ ಕೊಟ್ಟಾಗಲೂ ಹೀಗೇ “ತಗಳಿ ಮಾವ” ಅಂದಿದ್ದೆ. ಅವರಿಗೆ ಅದು ನೆನಪಾಯಿತು.

“ಇದ್ರಲ್ಲಿ ಏನೋ ಕಿತಾಪತಿ ಐತೆ ಕಣ್ಲಾ. ನಾನ್ ಮುಟ್ಟಾಕಿಲ್ಲ!” ಎಂದು ಕುದುರೆಯನ್ನು ಬೇರೆ ಕಡೆ ಓಡಿಸಿದರು. ಮರುನಡೆಯಲ್ಲೇ ಅದೇ ರಾಣಿಯಿಂದ ಚೆಕ್‌ಮೇಟ್.

ಮಂಡಿಯವರೆಲ್ಲ ಈಗಲೂ ನನ್ನ ಧೈರ್ಯ ಹೊಗಳುತ್ತಿದ್ದಾರೆ. ನಿಮ್ಮಲ್ಲೇ ಇರಲಿ: ರಾಣಿಯನ್ನಿಟ್ಟು ಕೈ ತೆಗೆದ ಮೇಲೇ ನನಗೆ ಆ ಕುದುರೆ ಕಂಡದ್ದು. ಕಣ್ಣು ಮುಚ್ಚಿದ್ದು ಮೀಸೆಗೆ ವಿದಾಯ ಹೇಳಲು.