ಮಲೆನಾಡು ಗಿಡ್ಡ ತಳಿಯ ಬೆಕ್ಕಿನಮರಿ

ನಮ್ಮ ಕಡೆಯವರಿಗೆ ಪಾಪದ ಭಯ ಬಹಳ. ಬೆಕ್ಕನ್ನು ಕೊಂದರೆ ಏಳು ಜನ್ಮಕ್ಕೂ ಬಿಡುವುದಿಲ್ಲ ಎಂದು ನಂಬಿದ್ದಾರೆ, ಆದ್ದರಿಂದ ಕೊಲ್ಲುವುದಿಲ್ಲ. ಕಣ್ಣು ಬಿಟ್ಟು ನಾಲ್ಕು ದಿನ ಆಗದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ತಪ್ಪುತ್ತದಂತೆ. ಆಮೇಲೆ ಅದು ನಾಯಿಯ ಬಾಯಿಗೆ ಬಿತ್ತೋ, ಬಸ್ಸಿನ ಚಕ್ರಕ್ಕೆ ಸಿಕ್ಕಿತೋ, ಅದು ನಾಯಿಯ ಪಾಪ, ಡ್ರೈವರನ ಪಾಪ. ಬಿಟ್ಟು ಬಂದವರು ಕಾಲು ತೊಳೆದುಕೊಂಡು ಕಾಫಿ ಕುಡಿಯುತ್ತಾರೆ.

ಶೃಂಗೇರಿಯಲ್ಲಿ ನನ್ನ ಹೊಲಿಗೆ ಅಂಗಡಿ ಇರುವುದು ಸೇತುವೆ ಇಳಿದ ಕೂಡಲೇ ಸಿಗುವ ತಿರುವಿನಲ್ಲಿ. ಹಾಗಾಗಿ ಈ ಪುಣ್ಯವಂತರ ಚೀಲಗಳೆಲ್ಲ ನನ್ನ ಕಣ್ಣೆದುರೇ ಬಿಚ್ಚಿಕೊಳ್ಳುತ್ತಿದ್ದವು. ಮೊದಲು ಒಂದನ್ನು ಎತ್ತಿಕೊಂಡೆ. ಅಷ್ಟೇ ತಪ್ಪು. ಸುದ್ದಿ ಹರಡಿತು. ಮರಿ ಬಿಡುವವರು ಸೇತುವೆಯ ತುದಿಯಲ್ಲಿ ಅತ್ತಿತ್ತ ನೋಡುವ ಕಷ್ಟವನ್ನೂ ಬಿಟ್ಟು ಸೀದಾ ನನ್ನ ಅಂಗಡಿಯ ಮೆಟ್ಟಿಲಿಗೇ ಬರತೊಡಗಿದರು. ಬೆಳಗ್ಗೆ ಬಾಗಿಲು ತೆಗೆಯುವಾಗ ರಟ್ಟಿನ ಡಬ್ಬ ಮಿಯಾವ್ ಎನ್ನುವುದು ನನಗೆ ಅಭ್ಯಾಸವಾಯಿತು. ಮಠಕ್ಕೆ ಬಂದ ಯಾತ್ರಿಕರು ನಿಂತು, ಮರಿಯನ್ನು ಎತ್ತಿಕೊಂಡು, ಕೆನ್ನೆಗೆ ಒತ್ತಿ ಫೋಟೋ ತೆಗೆಸಿಕೊಂಡು, ಮತ್ತೆ ಡಬ್ಬಕ್ಕೆ ಹಾಕಿ ಹೋಗುತ್ತಿದ್ದರು. ಕೈ ತೊಳೆಯಲು ನನ್ನನ್ನೇ ನೀರು ಕೇಳುತ್ತಿದ್ದರು.

ಸಾಕುವುದು ಕಷ್ಟವಲ್ಲ. ಅನ್ನ, ಹಾಲು, ಒಂದು ಹಳೇ ಬಟ್ಟೆ. ಕಷ್ಟ ಇರುವುದು ಕಾಯಿಲೆಯಲ್ಲಿ. ಬೀದಿಮರಿಗೆ ಕಣ್ಣು ಅಂಟಿರುತ್ತದೆ, ಹೊಟ್ಟೆಯಲ್ಲಿ ಹುಳ, ಮೈತುಂಬ ಚಿಗಟ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರು ತಾಲ್ಲೂಕಿಗೂ ಸೇರಿ ಪ್ರಾಣಿಪ್ರಿಯರ ವಾಟ್ಸಾಪ್ ಗುಂಪೊಂದು ಇದೆ. ಅದರಲ್ಲಿ ಏನು ಕೇಳಿದರೂ ಬರುವ ಉತ್ತರ ಒಂದೇ: ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ಹೇಳುವವರಿಗೆ ಕಾರಿದೆ, ಕಾರಿನಲ್ಲಿ ಎಸಿ ಇದೆ, ಅವರ ನಾಯಿಗೆ ಹುಟ್ಟುಹಬ್ಬವೂ ಇದೆ. ಒಂದು ಮರಿಯ ಕಣ್ಣು ತೊಳೆಸಲು ಬಾಡಿಗೆ ಕಾರು ಹಿಡಿದು ಶಿವಮೊಗ್ಗಕ್ಕೆ ಹೋಗಿಬರಬೇಕೆಂದರೆ ನಾನು ಒಂದು ವಾರ ಹೊಲಿದ ರವಿಕೆಗಳೆಲ್ಲ ಅದಕ್ಕೇ ಸರಿ. ಅದನ್ನು ಬರೆದರೆ ಕೈಮುಗಿದ ಚಿತ್ರ ಹತ್ತು ಬರುತ್ತವೆ. ಅಳುವ ಮುಖ ಐದು.

ಉಳಿದದ್ದು ದನದ ಆಸ್ಪತ್ರೆ. ಈ ಮೂರು ತಾಲ್ಲೂಕಿನಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ, ಅಲ್ಲಿಯ ಕಾಂಪೌಂಡರಿಗೆ ಇನ್ನೂ ಸರ್ವಿಸ್ ಇದೆ. ಡಾಕ್ಟರು ಯಾವಾಗಲೂ ಹಳ್ಳಿಗಳ ಮೇಲೆ, ಕಾಲುಬಾಯಿ ಜ್ವರದ ಚುಚ್ಚುಮದ್ದಿಗೋ ಹೆರಿಗೆ ಕಷ್ಟವಾದ ಎಮ್ಮೆಗೋ ಹೋಗಿರುತ್ತಾರೆ. ಮೇಜಿನ ಹಿಂದೆ ಕಾಂಪೌಂಡರ್. ಮೊದಲ ಸಲ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದಾಗ ಅವನು ರಿಜಿಸ್ಟರ್ ತಿರುಗಿಸಿ ನನಗೇ ತೋರಿಸಿದ. ದನ, ಎಮ್ಮೆ, ಕರು, ಕುರಿ, ಹಂದಿ, ನಾಯಿ. ಬೆಕ್ಕಿಗೆ ಕಾಲಮ್ಮೇ ಇಲ್ಲ. ಕೊನೆಯಲ್ಲಿ ‘ಇತರೆ’ ಎಂದು ಒಂದು ಇತ್ತು. ಅದಕ್ಕೆ ಬರೆದರೆ ಪುಕ್ಕಟೆ ಔಷಧಿ ಕೊಡಲು ಬರುವುದಿಲ್ಲ, ಮೇಲಿನವರು ವಿವರಣೆ ಕೇಳುತ್ತಾರೆ ಎಂದ.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ಚುರುಕಾಗುತ್ತದೆ, ಅದೇ ನನ್ನ ದೊಡ್ಡ ದೋಷ. ಕರು ಅಂತ ಬರೆದುಕೊಳ್ಳಿ ಎಂದೆ.

ಅವನು ನಕ್ಕ. ನಕ್ಕು ಬರೆದುಕೊಂಡ. ‘ತಳಿ’ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ಎತ್ತಿಹಿಡಿದು ಮರಿಯನ್ನೂ ನನ್ನನ್ನೂ ನೋಡಿ, ‘ಮಲೆನಾಡು ಗಿಡ್ಡ’ ಎಂದು ತುಂಬಿದ. ನಮ್ಮ ಕಡೆಯ ಕುಳ್ಳ ದನಗಳಿಗೆ ಇರುವ ಹೆಸರು ಅದು. ಹುಳದ ಔಷಧಿ, ಕಣ್ಣಿನ ಮುಲಾಮು ಎರಡನ್ನೂ ಮರಿಯ ಗಾತ್ರ ನೋಡಿ, ಚೂರು ಚೂರು ಅಳೆದು, ಕಾಗದದಲ್ಲಿ ಕಟ್ಟಿಕೊಟ್ಟ.

ಹೀಗೆ ಎರಡು ವರ್ಷ ನಡೆಯಿತು. ಮನೆಯಲ್ಲಿ ಒಂದು ಹಸುವಿಲ್ಲದ ನಾನು ಸರ್ಕಾರದ ಪುಸ್ತಕದಲ್ಲಿ ದೊಡ್ಡ ಹೈನುಗಾರ್ತಿಯಾದೆ. ನನಗೆ ಇದರಲ್ಲಿ ಬಹಳ ಹೆಮ್ಮೆ ಇತ್ತು. ಮರಿ ಬಿಡುವವರು ಹೇಡಿಗಳು, ಗುಂಪಿನವರು ಬಾಯಿಮಾತಿನವರು, ಇಲಾಖೆ ದಡ್ಡ, ಇವರೆಲ್ಲರ ನಡುವೆ ಬುದ್ಧಿ ಇರುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಮರಿ ಬಿಡುವವರಲ್ಲಿ ನಾನು ಅತ್ಯಂತ ತಾತ್ಸಾರ ಮಾಡುತ್ತಿದ್ದದ್ದು ಮೆಣಸೆ ಕಡೆಯ ಒಬ್ಬ ಹೆಂಗಸನ್ನು. ನನಗಿಂತ ಹತ್ತು ವರ್ಷ ದೊಡ್ಡವಳು, ಸ್ವಲ್ಪ ಗದ್ದೆ, ನಾಲ್ಕು ದನ ಇಟ್ಟುಕೊಂಡವಳು. ಉಳಿದವರು ಕದ್ದು ಬಿಡುತ್ತಿದ್ದರು. ಇವಳಿಗೆ ಆ ನಾಚಿಕೆಯೂ ಇರಲಿಲ್ಲ. ರವಿಕೆ ಹೊಲಿಯಲು ಕೊಡುವಾಗಲೇ ಚೀಲವನ್ನು ಕೌಂಟರ್ ಮೇಲಿಟ್ಟು, ಈ ಸಲ ಮೂರು ಹಾಕಿತ್ತು, ಎರಡು ಉಳಿದವು ಎಂದು ಲೋಕಾಭಿರಾಮವಾಗಿ ಹೇಳಿ ಹೋಗುತ್ತಿದ್ದಳು. ನಾನು ಅವಳ ರವಿಕೆಯನ್ನು ಬೇಕೆಂದೇ ಎರಡು ದಿನ ತಡಮಾಡುತ್ತಿದ್ದೆ.

ಹೋದ ವರ್ಷ ಅವಳು ಕೊಟ್ಟುಹೋದ ಮರಿಗಳಲ್ಲಿ ಒಂದು ಹಳದಿ ಬಣ್ಣದ್ದು. ಗಂಡು. ನನ್ನ ಅಂಗೈಯಲ್ಲಿ ಪೂರ್ತಿ ಮಲಗುತ್ತಿತ್ತು. ಹೊಲಿಗೆ ಮಿಷನ್ನಿನ ಸದ್ದಿಗೆ ಬೇರೆ ಮರಿಗಳು ಓಡಿಹೋದರೆ ಇದು ಬಂದು ನನ್ನ ಪಾದದ ಮೇಲೆ ಕೂರುತ್ತಿತ್ತು. ಬಹಳ ಮರಿಗಳನ್ನು ಸಾಕಿ ಯಾರ್ಯಾರಿಗೋ ಕೊಟ್ಟಿದ್ದೇನೆ. ಇದನ್ನು ಕೊಡಬಾರದು ಎಂದು ನಿರ್ಧಾರ ಮಾಡಿದ್ದೆ. ಹಾಗೆ ಅನ್ನಿಸಿದ್ದು ಅದೊಂದರ ವಿಷಯದಲ್ಲಿ ಮಾತ್ರ.

ಅದರ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದ್ದವು. ದನದ ಮೈಮೇಲೆ ರಕ್ತ ಕುಡಿದು ಉಬ್ಬುವ ಹುಳ ಉಣುಗು. ನಮ್ಮ ಕಡೆ ಅದರ ಹೆಸರು ಎತ್ತಿದರೆ ಜನ ಬೆಚ್ಚುತ್ತಾರೆ, ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಬಟ್ಟೆ ಕೊಡಲು ಬಂದವರೊಬ್ಬರು ಅದನ್ನು ನೋಡಿ ಬಾಗಿಲಲ್ಲೇ ನಿಂತರು. ಮರುದಿನ ಇನ್ನಿಬ್ಬರು ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಉಗುಳನ್ನು ತುಳಿದುಕೊಂಡು ಓಡಾಡುವ ಜನಕ್ಕೆ ನನ್ನ ಅಂಗಡಿಯ ಮರಿಯಿಂದ ರೋಗ ಬರುವ ಹೆದರಿಕೆ. ಬೈದುಕೊಂಡೇ ಆಸ್ಪತ್ರೆಗೆ ಹೋದೆ. ಮರಿಯನ್ನು ಒಯ್ಯಲಿಲ್ಲ, ಬಸ್ಸಿನಲ್ಲಿ ಪಕ್ಕದವರು ರಾಗ ಎಳೆಯುತ್ತಾರೆ ಎಂದು ಕಾಂಪೌಂಡರ್ ಹಿಂದೆ ಬರೆದುಕೊಟ್ಟಿದ್ದ ಹಳೇ ಚೀಟಿ ಮಾತ್ರ ಹಿಡಿದುಕೊಂಡೆ.

ನನ್ನ ಕಾಂಪೌಂಡರ್ ರಜೆಯಲ್ಲಿದ್ದ. ಅವನ ಕುರ್ಚಿಯಲ್ಲಿ ಬೇರೆ ಊರಿನಿಂದ ಬಂದ ಹೊಸಬ. ಮೊಬೈಲಿನಿಂದ ತಲೆ ಎತ್ತದೆ ಚೀಟಿ ನೋಡಿದ. ಕರು, ಮಲೆನಾಡು ಗಿಡ್ಡ. ಎಂತ ಆಗಿದೆ ಎಂದು ಕೇಳಿದ. ಉಣುಗು ಎಂದೆ. ಒಂದು ಸಣ್ಣ ಬಾಟಲಿ ಕೊಟ್ಟು, ನೀರಿಗೆ ಎಷ್ಟು ಬೆರೆಸಬೇಕೆಂದು ಹೇಳಿ, ಬಟ್ಟೆ ಅದ್ದಿ ಮೈಗೆಲ್ಲ ಒರೆಸಿ, ನೆಕ್ಕದ ಹಾಗೆ ಕಟ್ಟಿಹಾಕಿ ಎಂದ.

ಅದು ಕರುವಲ್ಲ, ಬೆಕ್ಕಿನಮರಿ ಎಂದು ನಾನು ಹೇಳಬಹುದಿತ್ತು. ಒಂದು ವಾಕ್ಯದ ಕೆಲಸ. ಹೇಳಲಿಲ್ಲ. ಹೇಳಿದರೆ ಎರಡು ವರ್ಷದ ಏರ್ಪಾಡು ಹೊರಬೀಳುತ್ತದೆ, ಪುಕ್ಕಟೆ ಔಷಧಿ ನಿಂತುಹೋಗುತ್ತದೆ ಎಂಬುದು ಒಂದು. ಇನ್ನೊಂದು, ಮೊಬೈಲಿನಿಂದ ಮುಖ ಎತ್ತಲಾರದ ಈ ಮನುಷ್ಯನನ್ನು ಕೇಳುವುದೇನು ಎಂಬ ಉದಾಸೀನ. ನಾನು ದರ್ಜಿ. ದೊಡ್ಡ ಅಳತೆಯನ್ನು ಚಿಕ್ಕದಕ್ಕೆ ಇಳಿಸುವುದು ನನ್ನ ಕಸುಬು. ಕರುವಿಗೆ ಇಷ್ಟಾದರೆ ಮರಿಗೆ ಎಷ್ಟು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದೆ. ಅಮ್ಮನ ರವಿಕೆಯ ಅಳತೆಯಿಂದ ಮಗುವಿನ ಲಂಗದ ಜಾಕೀಟು ತೆಗೆದ ಹಾಗೆ.

ಊಟಕ್ಕೆ ಮೊದಲು ಒರೆಸಿದೆ. ಮರಿ ಸುಮ್ಮನೆ ನಿಂತು ಒರೆಸಿಸಿಕೊಂಡಿತು, ನನ್ನ ಮೇಲೆ ಅಷ್ಟು ನಂಬಿಕೆ. ಅಂಗೈಯಷ್ಟು ಮರಿಯನ್ನು ಕಟ್ಟಿಹಾಕುವುದೇನು ಎಂದು ಬಿಟ್ಟಿದ್ದೆ, ಆಮೇಲೆ ಅದು ಕೂತು ಮೈ ನೆಕ್ಕತೊಡಗಿತು. ಒಂದು ಕಾಲರ್ ಹೊಲಿದು ಮುಗಿಸಿ ಕೆಳಗೆ ನೋಡಿದರೆ ಅದರ ಕಿವಿ ಅದುರುತ್ತಿದೆ. ಸ್ವಲ್ಪ ಹೊತ್ತಿಗೆ ಕಾಲು, ಆಮೇಲೆ ಇಡೀ ಮೈ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಿಲ್ಲಲು ಹೋಗಿ ಮಗುಚಿ ಬಿತ್ತು.

ಡಾಕ್ಟರಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಗುಂಪಿಗೆ ವಿಡಿಯೋ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು, ಯಾರೋ ಮತ್ತೆ ಶಿವಮೊಗ್ಗ ಎಂದರು. ನಾನು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸಬನನ್ನು ಬೈಯುತ್ತಾ ಕೂತಿದ್ದೆ. ಕೈಕಾಲು ಆಡುತ್ತಿರಲಿಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

ಆಗ ಮೆಣಸೆಯವಳು ರವಿಕೆ ಕೇಳಲು ಬಂದಳು. ಹೊಸಿಲು ದಾಟುವಾಗಲೇ ಮೂಗು ಅರಳಿಸಿ, ಎಂತ ಹಾಕಿದೆ ಅದಕ್ಕೆ ಎಂದಳು. ಬಾಟಲಿ ತೋರಿಸಿದೆ. ಅವಳು ಮರಿಯನ್ನು ಕಿತ್ತುಕೊಂಡು, ಅಂಗಡಿ ಹಿಂದಿನ ನನ್ನ ಅಡಿಗೆಮನೆಗೆ ನಡೆದಳು. ನೀರು ಉಗುರುಬೆಚ್ಚಗೆ ಮಾಡಿಸಿದಳು. ಪಾತ್ರೆ ತಿಕ್ಕುವ ಸೋಪಿನಲ್ಲಿ ನೊರೆ ಮಾಡಿ ಮೂರು ಸಲ ತೊಳೆದಳು, ಬಾಲದ ಬುಡ, ಬೆರಳ ಸಂದು ಒಂದನ್ನೂ ಬಿಡದೆ. ಮತ್ತೆ ನೆಕ್ಕಬಾರದೆಂದು ನನ್ನ ಲೈನಿಂಗ್ ಬಟ್ಟೆಯ ತುಂಡಿನಲ್ಲಿ ತಲೆಯಷ್ಟೇ ಹೊರಗೆ ಬಿಟ್ಟು ಸುತ್ತಿ, ಎದೆಗೊತ್ತಿಕೊಂಡು ಒಲೆಯ ಪಕ್ಕ ಕೂತಳು. ಹಿಂದೆ ಅವಳ ಕೊಟ್ಟಿಗೆಯಲ್ಲಿ ಉಣುಗಿನ ಔಷಧಿ ಒರೆಸಿದ ದನಕ್ಕೆ ಒತ್ತಿಕೊಂಡು ಮಲಗಿ ಎರಡು ಬೆಕ್ಕು ಸತ್ತಿದ್ದವಂತೆ. ದನ ಇರುವ ಮನೆಯಲ್ಲೆಲ್ಲ ಇದು ಗೊತ್ತಿರುವ ವಿಷಯ ಎಂದಳು. ನನ್ನಲ್ಲಿ ದನ ಇದ್ದದ್ದು ರಿಜಿಸ್ಟರಿನಲ್ಲಿ.

ಸಂಜೆಗೆ ಮುಂಚೆ ನನ್ನ ಕರೆ ಬಂದದ್ದು ನೋಡಿ ಡಾಕ್ಟರ್ ತಾವೇ ಫೋನ್ ಮಾಡಿದರು. ಚೀಟಿಯ ಕರುವಿನಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ತೊಳೆದದ್ದು ಸರಿ, ಅದರಿಂದಲೇ ಉಳಿದೀತು, ನಡುಕ ಹೆಚ್ಚಾದರೆ ಇಂಜೆಕ್ಷನ್ ಕೊಡಲು ನಾನೇ ಬರುತ್ತೇನೆ ಎಂದರು. ಬೆಕ್ಕಿನಮರಿ ಅಂತ ಬಾಯಿಬಿಟ್ಟು ಹೇಳಿದ್ದರೆ ಅದಕ್ಕೆ ತಕ್ಕ ಔಷಧಿ ಬರೆದುಕೊಡುತ್ತಿದ್ದೆನಲ್ಲ, ಕರು ಮಾಡಲಿಕ್ಕೆ ನಿಮಗೆ ಹೇಳಿದ್ದು ಯಾರು ಎಂದು ಕೇಳಿದರು.

ನಡುಕ ಹೆಚ್ಚಾಗಲಿಲ್ಲ. ಬೆಳಕಿರುವಾಗಲೇ ಮರಿ ಕಣ್ಣರಳಿಸಿ ನೋಡಿತು, ಎರಡು ಹನಿ ನೀರು ನೆಕ್ಕಿತು. ಅವಳು ಎದ್ದು, ಬಟ್ಟೆಯ ಸಮೇತ ಅದನ್ನು ತನ್ನ ಚೀಲದಲ್ಲಿಟ್ಟುಕೊಂಡಳು. ಬಾಯಿ ಕಟ್ಟಲಿಲ್ಲ. ನಾನು ಕೈಚಾಚಿದೆ. ಅದು ನನ್ನದು, ಇಟ್ಟುಕೊಳ್ಳಬೇಕು ಎಂದಿದ್ದೇನೆ ಎಂದೆ.

“ಕೊಂದ್ರೆ ಪಾಪ ಅಂತ ಇಲ್ಲಿಗೆ ತಂದು ಬಿಡ್ತಿದ್ದಿದ್ದು ಮಾರಾಯ್ತಿ,” ಎಂದಳು. “ನಿಂಗೆ ಎಲ್ಲ ಗೊತ್ತಿರ್ತದೆ, ನೀ ಉಳಿಸ್ತೀಯ ಅಂತ. ನೀನೂ ಕೊಲ್ಲೂದೇ ಆದ್ರೆ ನಾ ಹೊಳೆ ದಾಟಿಸೂದು ಎಂತಕ್ಕೆ?”

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಿರುಗಿ ಬೈಯಬಹುದಿತ್ತು. ರವಿಕೆ ಇನ್ನೂ ಆಗಿಲ್ಲ ಎಂದು ನಾನು ಹೇಳಿದೆ. ಇರಲಿ, ಅವಸರ ಇಲ್ಲ ಎಂದು ಹೋದಳು.

ಆ ರಾತ್ರಿಯೇ ರವಿಕೆ ಮುಗಿಸಿದೆ. ಅವಳು ಬರಲಿಲ್ಲ. ಮೂರು ವಾರ ಕಾದು, ಅದನ್ನೂ ಮರಿಗೆಂದು ಒಂದು ಪೊಟ್ಟಣ ಒಣಮೀನನ್ನೂ ಹಿಡಿದು ಮೆಣಸೆ ಕಡೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಮರಿಯನ್ನು ಹಿಂದಕ್ಕೆ ಕೇಳುವ ಮಾತನ್ನು ಜೋಡಿಸಿಕೊಂಡಿದ್ದೆ. ಅಂಗಳಕ್ಕೆ ಕಾಲಿಡುವ ಮೊದಲೇ ಕಂಡಿತು. ಅವಳು ಜಗಲಿಯಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು, ಹಳದಿ ಮರಿ ಅವಳ ಮಡಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಮೈ ತುಂಬಿಕೊಂಡಿತ್ತು.

“ಅಕ್ಕಾ, ಇದ್ದೀರಾ,” ಎಂದೆ.

ಮರಿ ಒಂದೇ ಸಲಕ್ಕೆ ಎದ್ದು, ಅವಳ ಕೈಯನ್ನು ಪರಚಿ, ಸೌದೆ ಒಟ್ಟಿನ ಹಿಂದಕ್ಕೆ ನುಗ್ಗಿತು. ಅವಳು ಅವರೆಕಾಯಿ ಪಕ್ಕಕ್ಕಿಟ್ಟು ಕರೆದಳು. ಬರಲಿಲ್ಲ. ನಾನೂ ಕರೆದೆ. ಇನ್ನೂ ಒಳಕ್ಕೆ ಸರಿದ ಸದ್ದು ಕೇಳಿಸಿತು.

ಅವಳು ಪರಚಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. “ಬೇರೆ ಯಾರು ಬಂದ್ರೂ ಹೀಗೆ ಮಾಡೂದಿಲ್ಲ ಅದು,” ಎಂದಳು. “ಕೂತ್ಕ, ಕಾಫಿ ಇಡ್ತೆ.”

ನಾನು ಕೂರಲಿಲ್ಲ.