ಕುರುಗೋಡು ಬಸ್ಸಿನ ಬುತ್ತಿ

ಬಿಸಿ ಜೋಳದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿದಾಗ ಬರುವ ವಾಸನೆ ನಿಮಗೂ ಗೊತ್ತಿದ್ದೀತು. ಒಗೆದು ಒಣಗಿಸಿದ ಬಟ್ಟೆಗೆ ಉಗಿ ತಾಗಿ ಏಳುವ, ಸ್ವಲ್ಪ ಗಂಜಿಯಂಥ, ಸ್ವಲ್ಪ ಬಿಸಿಲಿನಂಥ ವಾಸನೆ. ಇವತ್ತಿನ ಬೆಳಗೂ ದಿನದಂತೆಯೇ ಇತ್ತು. ನಲ್ಲಿ ನೀರು ಹಿಡಿದು, ಬಾಗಿಲಿಗೆ ರಂಗೋಲಿ ಎಳೆದು, ಇವರಿಗೆ ಚಹಾ ಕೊಟ್ಟು ರೊಟ್ಟಿ ಬಡಿಯಲು ಕೂತೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಪಾರ್ವತಮ್ಮನವರ ಮಗಳಿಗೆ ನಿನ್ನೆ ಹೆರಿಗೆಯಾಗಿದೆ. ಆಸ್ಪತ್ರೆಗೆ ಹೊರಟಿದ್ದ ಅವರನ್ನು ಗೇಟಿನಲ್ಲೇ ನಿಲ್ಲಿಸಿ, ರೊಟ್ಟಿ, ಹೆಸರುಕಾಳು ಪಲ್ಯ ಡಬ್ಬಿಗೆ ಹಾಕಿದೆ. ಡಬ್ಬಿಯ ಕೊಂಡಿ ಮುರಿದು ಎಷ್ಟೋ ಕಾಲವಾಗಿದೆ. ಆಟೊದವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಅವಸರದಲ್ಲಿ ಕೈಗೆ ಸಿಕ್ಕ ಹಳೆಯ ಅರಿವೆ ಸುತ್ತಿ, ಕಟ್ಟಿ ಕೊಟ್ಟೆ. ಆಟೊ ಹೋಯಿತು, ವಾಸನೆ ನನ್ನ ಅಂಗೈಯಲ್ಲಿ ಉಳಿಯಿತು. ಅದರ ಹಿಂದೆಯೇ ಗಂಗಾ ನೆನಪಾಗಿ ಬಂದಳು.

ನಾನು ಚಿಕ್ಕವಳಿದ್ದಾಗ ನಾವು ಬಳ್ಳಾರಿಯ ಇದೇ ಗಾಂಧಿನಗರದಲ್ಲಿ, ಎರಡು ಬೀದಿಯಾಚೆ ಇದ್ದೆವು. ಆ ಮನೆಯ ಜಾಗದಲ್ಲಿ ಈಗ ಕನ್ನಡಕದ ಅಂಗಡಿಯಿದೆ. ಬಣ್ಣ ಹೋದ ಹಸಿರು ಬಾಗಿಲು, ಬೇಸಿಗೆಯಲ್ಲಿ ಕೆನ್ನೆಯಿಟ್ಟು ಮಲಗಿದರೆ ಬಾವಿಯಷ್ಟು ತಂಪಾಗಿದ್ದ ಕಲ್ಲಿನ ನೆಲ, ಇವನ್ನೆಲ್ಲ ಯಾರು ಎಲ್ಲಿಗೆ ಒಯ್ದರೋ. ಮುಂದಿನ ಕೋಣೆಯಲ್ಲಿ ಕುರುಗೋಡಿನ ಒಬ್ಬ ಅಜ್ಜಿ ಬಾಡಿಗೆಗಿದ್ದರು. ಮೊಮ್ಮಗಳು ಗಂಗಾ ನನ್ನ ಜೊತೆ ಕಾನ್ವೆಂಟಿಗೆ ಬರಲೆಂದೇ ಅಜ್ಜಿ ಊರು ಬಿಟ್ಟು ಬಂದವರು. ಆದರೆ ಅವರಿಗೆ ಕಣ್ಣು ಮಂಜು, ಒಲೆಯ ಹತ್ತಿರ ಹೋಗುವಂತಿರಲಿಲ್ಲ. ಹಾಗಾಗಿ ಗಂಗಾಳ ಅವ್ವ ದಿನಾ ಬೆಳಿಗ್ಗೆ ಕುರುಗೋಡಿನ ಮೊದಲ ಬಸ್ಸಿಗೆ ಬುತ್ತಿ ಕೊಟ್ಟು ಕಳಿಸುತ್ತಿದ್ದಳು. ಡ್ರೈವರ್ ಪಕ್ಕ, ಎಂಜಿನ್ನಿನ ಬಿಸಿಯ ಮೇಲೆ, ಊರ ಇನ್ನೂ ಹಲವು ಮಕ್ಕಳ ಬುತ್ತಿಗಳ ಜೊತೆ ಅದು ಬರುತ್ತಿತ್ತು. ಬೀದಿ ತಿರುವಿನಲ್ಲಿ ಬಸ್ಸು ನಿಧಾನಿಸಿದಾಗ ಕಂಡಕ್ಟರ್ "ಏ ಗಂಗವ್ವಾ, ಹಿಡಿಯವ್ವಾ, ಬಿಸಿ ಐತಿ!" ಎಂದು ಕೈಗಿಡುತ್ತಿದ್ದ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ. ಗಂಗಾಳ ಅಪ್ಪನ ಮಾತು ಒಂದೇ: "ಬುತ್ತಿ ಬರೂತನಕ ಬಳ್ಳಾರಿ ಸಾಲಿ. ಬುತ್ತಿ ನಿಂತರ ಊರ ಸಾಲಿ."

ಒಂದನೇ ಕ್ಲಾಸಿನಿಂದಲೂ ಗಂಗಾ, ನಾನು, ಟೇಲರ್ ಮಗಳು ರೆಹಾನಾ ಒಂದೇ ಬೆಂಚು. ಮೊದಲ ವರ್ಷ ಗಂಗಾ ಇಂಗ್ಲಿಷ್ ಪ್ರಾರ್ಥನೆಗೆ ಬರೀ ತುಟಿ ಆಡಿಸುತ್ತಿದ್ದಳು. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಸಿಸ್ಟರ್ ಪಾಠ ಓದಿಸಲು ಅವಳನ್ನೇ ಎಬ್ಬಿಸುತ್ತಿದ್ದರು. ಓದುವಾಗ ಅವಳ ಹಿಮ್ಮಡಿಗಳು ತಾವಾಗಿ ಮೇಲೇಳುತ್ತಿದ್ದವು, ಇನ್ನೊಂದು ಪುಟವಿದ್ದರೆ ಹಾರಿಯೇಬಿಡುವಳೇನೋ ಎಂಬಂತೆ. ಮಧ್ಯಾಹ್ನ ಬೇವಿನ ಮರದಡಿ ರೆಹಾನಾ ಕಣ್ಣು ಮುಚ್ಚಿ ಬುತ್ತಿಯ ಮೇಲೆ ಮೂಗಿಡುವಳು. "ತಡಿ, ಬಿಚ್ಚಬ್ಯಾಡ... ಪುಂಡಿಪಲ್ಯ! ಮ್ಯಾಲೆ ಡೀಸೆಲ್ ಒಗ್ಗರಣಿ!" "ತಿನ್ನಾಕ ಮಾತ್ರ ನೀನ ಮೊದಲು ಲೇ," ಎಂದು ಗಂಗಾ ಅರಿವೆಯ ಗಂಟಿನಿಂದ ಹೊರಗಿಣುಕುವ ಒಂದು ಚುಂಗು ಎಳೆಯುವಳು. ಅವಳವ್ವ ಹೊಲದಲ್ಲಿ ಚೀಲದ ಬಾಯಿಗೆ ಹಾಕುತ್ತಿದ್ದ ಗಂಟದು. ಬಸ್ಸು ಎಷ್ಟು ಕುಲುಕಿದರೂ ಸಡಿಲಾಗದು. ಆ ಒಂದು ಚುಂಗು ಎಳೆದರೆ ಮಾತ್ರ ಇಡೀ ಅರಿವೆ ಮಡಿಲ ತುಂಬ ಹರಡಿಕೊಳ್ಳುತ್ತಿತ್ತು.

ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ, ಒಂದು ಬೆಳಿಗ್ಗೆ ಬಸ್ಸಿನಿಂದ ಬುತ್ತಿ ಇಳಿಯಲಿಲ್ಲ. ತರಲು ಹೋಗಿದ್ದವರು ಅಜ್ಜಿಯೊಬ್ಬರೇ. ಗಂಗಾಳ ಅವ್ವ ಹೊಲದಲ್ಲಿ ಬಿದ್ದು ಸೊಂಟ ಮುರಿದಿದೆ, ಹಾಸಿಗೆ ಹಿಡಿದಿದ್ದಾಳೆ ಎಂದು ಕಂಡಕ್ಟರ್ ಹೇಳಿದ್ದ. ಅಜ್ಜಿ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಗಂಗಾಗ ಈಗs ಹೇಳಬ್ಯಾಡ್ರಿ. ಹುಡುಗಿ ಸಾಲಿ ಯಾಕ ಬಿಡಬೇಕು?" ಎಂದ ನಮ್ಮವ್ವ, ಅವರದೇ ಇನ್ನೊಂದು ಡಬ್ಬಿಗೆ ತನ್ನ ರೊಟ್ಟಿ ಹಾಕಿ, ಅವರದೇ ಅರಿವೆಯಲ್ಲಿ ಕಟ್ಟಿದಳು. ನನಗೂ ಕಣ್ಣಿನಲ್ಲೇ ತಾಕೀತು ಮಾಡಿದಳು.

ಮಧ್ಯಾಹ್ನ ಗಂಗಾ ಚುಂಗು ಎಳೆದಳು. ಗಂಟು ಬಿಚ್ಚಲಿಲ್ಲ, ಇನ್ನೂ ಬಿಗಿಯಾಯಿತು. "ನಿಮ್ಮವ್ವನ ಗಂಟು ಇವತ್ತ ಸಿಟ್ಟಾಗೈತಿ!" ಎಂದು ರೆಹಾನಾ ನಕ್ಕಳು. ಗಂಗಾ ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಲ್ಲಿನಿಂದ ಬಿಚ್ಚಿ, ಒಂದು ಚೂರೂ ಉಳಿಸದೆ ಉಂಡಳು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕಿರುಬೆರಳು ಹಿಡಿದುಕೊಂಡು ಅಂದಳು: "ನನಗ ಗೊತ್ತಾತಂತ ನಿಮ್ಮವ್ವಗ ಹೇಳಬ್ಯಾಡ. ಪಾಪ, ಬೇಜಾರ ಮಾಡ್ಕೊಂತಾರ."

ಹೀಗೆ ಕೆಲವು ದಿನ, ಎಲ್ಲರಿಗೂ ಗೊತ್ತಿದ್ದು ಯಾರಿಗೂ ಗೊತ್ತಿಲ್ಲದಂತೆ ಬುತ್ತಿ ಬಂತು. ಆ ದಿನಗಳಲ್ಲೇ ಗಂಗಾ ನನಗೆ ಗಂಟು ಹಾಕಲು ಕಲಿಸಿದ್ದು, ತನ್ನ ಜಡೆಯ ರಿಬ್ಬನ್ ಬಿಚ್ಚಿ, ನಮ್ಮ ತಣ್ಣನೆಯ ನೆಲದ ಮೇಲೆ ಕೂತು. "ಕಲ್ತುಗೋ ಲೇ. ನಿಮ್ಮವ್ವನ ಗಂಟಿಗೆ ನನ್ನ ಹಲ್ಲ ಉದುರತಾವು."

ಆದರೆ ಗಂಗಾಳ ಅಪ್ಪ ಅವಳನ್ನು ಕರೆದೊಯ್ಯಲು ಬಂದೇಬಿಟ್ಟರು. "ಎರಡ ರೊಟ್ಟಿ ಹೆಚ್ಚಿಗಿ ಬಡಿಯೂದು ನನಗೇನ ಭಾರ್ರಿ ಅಣ್ಣಾರ? ಹುಡುಗಿ ಇಲ್ಲೇ ಇರ್ಲಿ," ಎಂದು ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದು, "ಈಕಿಗೆ ನೀವು ಹಾಕ್ತೀರಿ ತಾಯಿ. ಅಲ್ಲಿ ಈಕಿ ಅವ್ವಗ ಗಂಜಿ ಕಾಸಾಕ ಯಾರದಾರ್ರಿ?" ಅಂದರು. ಅವ್ವ ಬಾಗಿಲು ಬಿಟ್ಟು ಸರಿದಳು. ಒಳಗೆ ಹೋಗಿ ದಾರಿಗೆ ಬುತ್ತಿ ಹಾಕಿದಳು. ಗಂಟು ನಾನು ಕಟ್ಟಿದೆ. ಗಂಗಾ ಚುಂಗನ್ನು ಬೆರಳಲ್ಲಿ ಮುಟ್ಟಿ ನೋಡಿ, "ನಿನಗ ಬಂತು ನೋಡು," ಅಂದಳು. ಅಷ್ಟೇ. ಕುರುಗೋಡಿನಿಂದ ಬರುತ್ತಿದ್ದ ಬುತ್ತಿ ಅವತ್ತು ಕುರುಗೋಡಿಗೆ ಹೋಯಿತು.

ಮರುದಿನ ಕಂಡಕ್ಟರ್ ಖಾಲಿ ಡಬ್ಬಿ ತಂದುಕೊಟ್ಟ. ಅರಿವೆ ಒಗೆದಿತ್ತು, ಅದೇ ಗಂಟಿತ್ತು. ಮಲಗಿದಲ್ಲೇ ಅವಳವ್ವ ಕಟ್ಟಿದ್ದೋ, ಗಂಗಾ ಕಟ್ಟಿದ್ದೋ ತಿಳಿಯಲಿಲ್ಲ. ಅಜ್ಜಿಯೂ ಊರಿಗೆ ಹೋದರು. ಬೆಂಚಿನಲ್ಲಿ ನಾನು, ರೆಹಾನಾ ಬಹಳ ದಿನ ನಡುವೆ ಜಾಗ ಬಿಟ್ಟೇ ಕೂರುತ್ತಿದ್ದೆವು. ರೆಹಾನಾ ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು, ಅವ್ವ ಹೋದಳು, ಮನೆ ಹೋಯಿತು. ಗಂಗಾ ಮತ್ತೆ ಸಿಗಲೇ ಇಲ್ಲ. ಅವಳ ಮುಖ ಕೂಡ ಈಗ ಪೂರ್ತಿ ಮೂಡುವುದಿಲ್ಲ, ಮೇಲೆದ್ದ ಹಿಮ್ಮಡಿಗಳಷ್ಟೇ ಕಾಣುತ್ತವೆ. ಇವತ್ತು ಮಧ್ಯಾಹ್ನ ಸುಮ್ಮನೆ ಕೂತು, ಆ ಗಂಟು ಹೇಗಿತ್ತೆಂದು ನೆನೆದು ನೋಡಿದೆ. ಯಾವ ಚುಂಗು ಮೇಲೆ, ಯಾವುದು ಒಳಗೆ, ಒಂದೂ ಹೊಳೆಯಲಿಲ್ಲ. ಅದೂ ಹೋಯಿತು ಅಂದುಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾರ್ವತಮ್ಮ ತೊಳೆದ ಡಬ್ಬಿ ತಂದುಕೊಟ್ಟರು. ಕೂಸು, ಬಾಣಂತಿ ಇಬ್ಬರೂ ಆರಾಮ ಅಂತ ಹೇಳಿ, ಗೇಟು ದಾಟುವಾಗ ಏನೋ ನೆನಪಾದವರಂತೆ ತಿರುಗಿದರು.

"ಅಲ್ರೀ ಅಕ್ಕಾರ, ನಿಮ್ಮ ತವರಮನಿ ಕುರುಗೋಡ ಕಡೆ ಏನ್ರಿ? ಚುಂಗು ಎಳದ್ರ ಪಟ್ಟನ ಬಿಚ್ಕೊಂತು ನಿಮ್ಮ ಗಂಟು. ನಮ್ಮ ಕಡೆ ಹೊಲದಾಗ ಹಿಂಗs ಕಟ್ತಾರ್ರಿ."